ಮನೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ?

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂತಿರುವ ತರುಣಿ ಕಳೆದ ವಾರ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ಚಹಾ ಮುಗಿಸಿ, “ಮೇಡಂ, ಪ್ರಾಂಶುಪಾಲರಾಗಿ ನಿಜವಾಗಿ ಮಾಡುವುದೇನು? ಯಾರೂ ಸರಿಯಾಗಿ ಹೇಳುತ್ತಿಲ್ಲ” ಎಂದರು. ನಾನು ದೃಷ್ಟಿಕೋನ, ಮುಂದಾಳುತನ ಎಂದೆಲ್ಲ ಮಾತಾಡಿ ಕಳಿಸಿದೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನಾಚಿಕೆಯಾಯಿತು. ಅವರು ಕೇಳಿದ್ದು ಕೆಲಸದ ವಿಷಯ. ನಾನು ಕೊಟ್ಟದ್ದು ಭಾಷಣ.

ಆದ್ದರಿಂದ ಹಳೆಯ ದಿನಚರಿಗಳನ್ನು ಇಳಿಸಿಕೊಂಡು ಕೂತಿದ್ದೇನೆ. ನಾನು ಇತಿಹಾಸ ಕಲಿಸಿದವಳು. ಬೇರೆಯವರ ನೆನಪನ್ನು ಹೇಗೆ ಅನುಮಾನಿಸಬೇಕು ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ನನ್ನ ನೆನಪಿಗೆ ವಿನಾಯಿತಿ ಕೊಡುವಂತಿಲ್ಲ. ದಿನಚರಿ ಒಂದು ಹೇಳಿ, ತಲೆ ಇನ್ನೊಂದು ಹೇಳಿದಲ್ಲಿ ಎರಡನ್ನೂ ಬರೆಯುತ್ತೇನೆ.

ಎಂ.ಫಿಲ್.ಗೆ ನಾನು ಆರಿಸಿಕೊಂಡಿದ್ದ ವಿಷಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿದ್ದ ಅಮೆರಿಕದ ಒಬ್ಬ ವಿಶ್ವವಿದ್ಯಾಲಯ ಅಧ್ಯಕ್ಷರ ಜೀವನ ಮತ್ತು ಆಡಳಿತ. ಉಡುಪಿ ಕಡೆಯ ಹುಡುಗಿಗೆ ಅದೆಲ್ಲಿಂದ ಬಂತೆಂದರೆ, ಗೈಡ್ ಬಳಿ ಆ ಪುಸ್ತಕಗಳಿದ್ದವು, ಅಷ್ಟೆ. ಆತ ಹೊಲಗಳ ನಡುವೆ ಕಟ್ಟಡ ಎಬ್ಬಿಸಿದ, ಟ್ರಸ್ಟಿಗಳನ್ನು ಎದುರು ಹಾಕಿಕೊಂಡ, ಊರೂರಿಗೆ ಉಪನ್ಯಾಸ ಕಳಿಸಿದ. ಕೊನೆಗೆ ಸಭಾಂಗಣದ ಗೋಡೆಯಲ್ಲಿ ತೈಲಚಿತ್ರವಾದ. ನಾನು ಬಹಳ ಮೆಚ್ಚಿ ಬರೆದೆ. ಪ್ರಬಂಧವನ್ನು ಮೊನ್ನೆ ಮತ್ತೆ ತಿರುವಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಇನ್ನೂರು ಚಿಲ್ಲರೆ ಪುಟಗಳಲ್ಲಿ ಒಬ್ಬ ಗುಮಾಸ್ತನೂ ಇಲ್ಲ. ಎಲ್ಲವನ್ನೂ ಅಧ್ಯಕ್ಷರೇ ಯೋಚಿಸಿ, ಅಧ್ಯಕ್ಷರೇ ಮಾಡಿದ್ದಾರೆ. ಹಾಗೆ ಆಗಿರಲು ಸಾಧ್ಯವೇ ಇಲ್ಲ ಎಂದು ಈಗ ಪ್ರಮಾಣ ಮಾಡಿ ಹೇಳಬಲ್ಲೆ.

ನಾನು ಹೇಗೆ ಪ್ರಾಂಶುಪಾಲೆಯಾದೆ ಎಂಬುದನ್ನು ಬಿಡೋಣ. ನನಗಿಂತ ಮುಂದಿದ್ದ ಇಬ್ಬರು ಬೇಡವೆಂದರು. ಕಾಲೇಜು ಹೊಸದು. ಕನ್ನಡಿಗರ ಒಂದು ಸಂಘ ತುರ್ಭೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ತೆರೆದಿತ್ತು. ಟ್ರಸ್ಟಿಗಳು ನಮ್ಮ ಕಡೆಯ ಹೋಟೆಲಿನವರು. ವಿದ್ಯಾರ್ಥಿಗಳು ಹೆಚ್ಚಾಗಿ ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಬಂದು ಮಾರುಕಟ್ಟೆಯಲ್ಲಿ ಮೂಟೆ ಹೊರುವವರ, ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು. ನಾನು ಅಧಿಕಾರ ವಹಿಸಿಕೊಂಡು ಮಾಡಿದ ಮೊದಲ ನಿರ್ಧಾರ ಹುಡುಗಿಯರ ಶೌಚಾಲಯದ ಚಿಲಕದ್ದು. ಎರಡನೆಯದು ನೀರಿನ ಟ್ಯಾಂಕಿನ ಮುಚ್ಚಳದ್ದು. ದೃಷ್ಟಿಕೋನದ ಸರದಿ ಬರುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿತ್ತು.

ಸಂಘದ ಅಧ್ಯಕ್ಷರು ವಾದಿರಾಜ ರಾಯರು. ಠಾಣೆ ಪಟ್ಟಣದಲ್ಲಿ ಅವರವು ಎರಡು ಹೋಟೆಲು. ಬೆಳಿಗ್ಗೆ ಏಳಕ್ಕೆ, ನಾನು ಠಾಣೆಯಲ್ಲಿ ಗಾಡಿ ಬದಲಿಸುವ ಹೊತ್ತಿಗೆ ಸರಿಯಾಗಿ ಫೋನು ಮಾಡುತ್ತಿದ್ದರು. “ಮೇಡಮೇ, ಇವತ್ತು ಎಂತ ವಿಶೇಷ?” ಏನೂ ಇಲ್ಲ ಎಂದರೆ ಬೇಸರ, ಇದೆ ಎಂದರೆ ಗಾಬರಿ. ಕೋಪ ಬಂದರೆ ತುಳುವಿಗೆ ಹೊರಳುತ್ತಿದ್ದರು. ಸಂತೋಷವಾದರೆ ಇಡ್ಲಿ ಕಳಿಸುತ್ತಿದ್ದರು. ನಾನು ಕಂಡ ಮೇಲಿನವರಲ್ಲಿ ಅವರು ಒಳ್ಳೆಯವರು. ಒಳ್ಳೆಯವರನ್ನು ನಿಭಾಯಿಸುವುದೇ ಕಷ್ಟ ಎಂದು ಹೊಸಬರು ತಿಳಿದಿರಲಿ.

ಆಫೀಸಿನಲ್ಲಿ ಇದ್ದವಳು ಒಬ್ಬಳೇ ಗುಮಾಸ್ತೆ, ವಿಜಯಪುರದ ಶಿವಲೀಲಾ. ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ರಿಜಿಸ್ಟರ್ ನೋಡುತ್ತಿದ್ದಳು. ಮೊದಲ ತಿಂಗಳಲ್ಲಿ ಒಂದು ದಿನ ನಾನು ತರಗತಿಯೊಂದರಲ್ಲಿ ಭಾಷೆ ತಿದ್ದಹೊರಟಿದ್ದೆ. ಒಬ್ಬಳು “ನಮ್ಮ ಸಾಲಿ ಛಲೋ ಇತ್ತು” ಎಂದಳು. ಹಿಂದಿ ಬಲ್ಲ ಬೆಂಚುಗಳೆಲ್ಲ ನಕ್ಕವು, ಅಲ್ಲಿ ಸಾಲಿ ಎಂದರೆ ನಾದಿನಿ, ಇಲ್ಲವೇ ಬೈಗುಳ. ‘ಶಾಲೆ’ ಅನ್ನಬೇಕು ಎಂದು ನಾನು ತಿದ್ದಿದೆ. ಸಂಜೆ ಶಿವಲೀಲಾ ರಿಜಿಸ್ಟರ್ ನೋಡುತ್ತಲೇ, “ಮೇಡಂ, ನಕ್ಕೋರನ್ನ ತಿದ್ದಬೇಕಿತ್ತರಿ” ಎಂದಳು. ಅವಳ ಮಾತು ಕೇಳಬೇಕು ಎಂದು ಆ ದಿನ ಬರೆದುಕೊಂಡಿದ್ದೇನೆ. ಬರೆದುಕೊಂಡದ್ದು ನಿಜ. ಕೇಳಿದ್ದು ಕಡಿಮೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಹೊಸ ಕಾಲೇಜಿಗೆ ವಿಶ್ವವಿದ್ಯಾಲಯ ವರ್ಷ ವರ್ಷಕ್ಕೇ ಅನುಮತಿ ಕೊಡುತ್ತಿತ್ತು. ಮೊದಲ ತಂಡ ಎರಡನೇ ವರ್ಷದ ಬಿ.ಎ.ಯಲ್ಲಿತ್ತು. ಮೂರನೇ ವರ್ಷ ನಡೆಸಲು ಅನುಮತಿ ಬೇಕು. ಅದಕ್ಕೆ ಎರಡನೇ ವರ್ಷದಲ್ಲಿ ಇಂತಿಷ್ಟು ವಿದ್ಯಾರ್ಥಿಗಳಿರಬೇಕು. ನಮ್ಮಲ್ಲಿ ಆ ಸಂಖ್ಯೆಗಿಂತ ನಾಲ್ಕು ಜನ ಮಾತ್ರ ಹೆಚ್ಚಿದ್ದರು. ಅನುಮತಿ ಸಿಗದಿದ್ದರೆ ಅವರೆಲ್ಲ ಬೇರೆ ಕಾಲೇಜು ಹುಡುಕಬೇಕು. ಹುಡುಗರು ಹೇಗೋ ಹುಡುಕುತ್ತಿದ್ದರು. ಹುಡುಗಿಯರನ್ನು ಮನೆಯವರು ಕಳಿಸುತ್ತಿದ್ದದ್ದೇ ಕಾಲೇಜು ಹತ್ತಿರ ಎಂಬ ಕಾರಣಕ್ಕೆ. ಅವರ ಓದು ಅಲ್ಲಿಗೇ ನಿಲ್ಲುತ್ತಿತ್ತು, ಡಿಗ್ರಿಗೆ ಒಂದೇ ವರ್ಷ ಬಾಕಿ ಇರುವಾಗ.

ಬೇರೆ ಯಾವುದೋ ಕಾಲೇಜಿನ ಹಾಜರಿಯಲ್ಲಿ ಇಲ್ಲದ ಮಕ್ಕಳ ಹೆಸರು ಸಿಕ್ಕಿತ್ತಂತೆ. ಆದ್ದರಿಂದ ಪರಿಶೀಲನಾ ಸಮಿತಿ ಈ ಸಲ ಮನೆಗಳಿಗೇ ಫೋನು ಮಾಡಿ ವಿಚಾರಿಸುತ್ತದೆ ಎಂಬ ಸುದ್ದಿ ಬಂತು. ಅವರು ಮಾಡುವ ಮೊದಲು ನಾನೇ ಮಾಡಿ ನೋಡೋಣವೆಂದು ಕೂತೆ. ಎರಡು ದಿನ, ಎರಡನೇ ವರ್ಷದ ಎಲ್ಲ ಮನೆಗಳಿಗೂ. ನನ್ನ ಶುದ್ಧ ಪುಸ್ತಕದ ಕನ್ನಡದಲ್ಲಿ ಕೇಳಿದೆ:

“ಇದು ಸಂಗೀತಾ ಚಂದ್ರಶೇಖರ ಅವರ ಮನೆಯೇ?”

“ಯಾರ್ರೀ?” ಹೆಂಗಸಿನ ದನಿ.

“ಸಂಗೀತಾ. ಕಾಲೇಜಿಗೆ ಬರುತ್ತಾರಲ್ಲ?”

“ಅಂಥಾಕಿ ಇಲ್ಲಿ ಯಾರೂ ಇಲ್ಲರಿ.” ಫೋನು ಕಟ್.

ಹೀಗೆ ಹನ್ನೊಂದು ಮನೆಗಳು. ಹನ್ನೊಂದು ಸುಳ್ಳು ಹೆಸರುಗಳು! ನನಗೆ ನನಗಿಂತ ಮೊದಲಿದ್ದ ಪ್ರಾಂಶುಪಾಲರ ಕಾಲದ ಅಕ್ರಮವನ್ನು ಪತ್ತೆ ಹಚ್ಚಿದ ಹೆಮ್ಮೆ. ಕೆಂಪು ಶಾಯಿಯಿಂದ ಹನ್ನೊಂದು ಗೆರೆ ಎಳೆದೆ. ಕಾಲೇಜನ್ನು ಶುದ್ಧಗೊಳಿಸಿದ್ದೇನೆ ಎಂಬರ್ಥದ ಪತ್ರವನ್ನು ಅಂದೇ ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಸಂಖ್ಯೆ ಕಡಿಮೆಯಾದರೂ ಪ್ರಾಮಾಣಿಕತೆಗೆ ಬೆಲೆ ಸಿಗುತ್ತದೆ ಎಂದುಕೊಂಡಿದ್ದೆ.

ಆ ದಿನ ಶಿವಲೀಲಾ ರಜೆಯಲ್ಲಿದ್ದಳು ಎಂದೇ ನನ್ನ ನೆನಪು. ಎಷ್ಟೋ ಜನರಿಗೆ ಹಾಗೇ ಹೇಳಿದ್ದೇನೆ. ದಿನಚರಿಯಲ್ಲಿ ಬೇರೆಯೇ ಇದೆ: ‘ಪತ್ರ ಹೋಯಿತು. ಶಿ. ಏನೋ ಹೇಳಲು ಬಂದಳು. ಸಮಯವಿರಲಿಲ್ಲ.’ ಕೈಬರಹ ನನ್ನದೇ.

ಮರುದಿನ ಹಾಜರಿ ಕರೆದ ಮೇಲೆ ಒಬ್ಬ ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

“ಮೇಡಂ, ಮೇರಾ ನಾಮ್ ಕಾಟ್ ದಿಯಾ ಕ್ಯಾ?” ನನ್ನ ಹೆಸರು ತೆಗೆದುಬಿಟ್ಟಿರಾ ಎಂದು.

“ಯಾರು ನೀನು?”

“ಸಂಗೀತಾ.”

“ನಿಮ್ಮ ಮನೆಗೇ ಫೋನು ಮಾಡಿದ್ದೆ. ಅಂಥವರು ಯಾರೂ ಇಲ್ಲ ಎಂದರು.”

ಅವಳು ಅಳುತ್ತಾಳೆ ಎಂದುಕೊಂಡೆ. ನಕ್ಕಳು. “ಮಮ್ಮಿ ನೇ ಉಠಾಯಾ ಹೋಗಾ. ಉಸ್ಕೋ ಕಹಾಂ ಪತಾ ಸಂಗೀತಾ ಕೌನ್ ಹೈ.” ಅಮ್ಮ ಎತ್ತಿರಬೇಕು, ಸಂಗೀತಾ ಯಾರೆಂದು ಅವಳಿಗೇನು ಗೊತ್ತು, ಎಂದು.

ಪಕ್ಕದ ಮೇಜಿನಿಂದ ಶಿವಲೀಲಾ ಹೇಳಿದಳು: “ಅದನ್ನ ಹೇಳಾಕ ಬಂದಿದ್ದೆರಿ ನಿನ್ನೆ. ನಮ್ಮ ಕಡೆ ಸಾಲಿ ಹೆಸರ ಬ್ಯಾರೆ, ಮನೀ ಹೆಸರ ಬ್ಯಾರೆ. ಸಾಲಿ ಹೆಸರ ಮಾಸ್ತರ್ ಇಡ್ತಾರ. ಮನ್ಯಾಗ ಅದನ್ನ ಯಾರ ಕರೀತಾರ್ರೀ? ಮ್ಯಾಲ ನೀವು ಕೋರ್ಟಿನೋರ ಹಂಗ ಮಾತಾಡಿದ್ರಿ. ಗೊತ್ತಿದ್ದೋರೂ ಇಲ್ಲ ಅಂತಾರ.”

ಹನ್ನೊಂದು ಮಂದಿಯೂ ಇದ್ದರು. ಅವತ್ತು ಒಂಬತ್ತು ಜನ ತರಗತಿಯಲ್ಲೇ ಕೂತಿದ್ದರು. ಇಲ್ಲದವರನ್ನು ಸೇರಿಸಿದ ಪ್ರಾಂಶುಪಾಲರ ಬಗ್ಗೆ ಎಲ್ಲರೂ ಕೇಳಿದ್ದಾರೆ. ಇದ್ದವರನ್ನು ಇಲ್ಲವೆಂದು ಬರೆದುಕೊಟ್ಟವಳು ಬಹುಶಃ ನಾನೊಬ್ಬಳೇ. ಈಗ ಹೆಸರು ಮತ್ತೆ ಸೇರಿಸಿದರೆ, ಅಂದು ಸುಳ್ಳೋ ಇಂದು ಸುಳ್ಳೋ ಎಂದು ಸಮಿತಿ ಕೇಳುತ್ತದೆ. ಸೇರಿಸದಿದ್ದರೆ ಸಂಖ್ಯೆ ಏಳು ಕಡಿಮೆ. ಸಮಿತಿ ಬರಲು ಎಂಟು ದಿನವಿತ್ತು.

ರಾಯರು ಠಾಣೆಯಿಂದ ಓಡಿಬಂದರು. ಮೊದಲು ತುಳುವಿನಲ್ಲಿ ಸಾಕಷ್ಟು ಹೇಳಿದರು, ಅದನ್ನು ಬರೆಯುವುದಿಲ್ಲ. ಆಮೇಲೆ ಕನ್ನಡಕ್ಕೆ ಬಂದರು. “ನೋಡಿ ಮಾರಾಯ್ರೆ, ನಮ್ಮ ಸಂಘದ ಜೂನಿಯರ್ ಕಾಲೇಜಿನ ಏಳು ಮಕ್ಕಳನ್ನು ತಂದು ಕೂರಿಸುವ. ಹೊಸ ಹೆಸರು, ಹೊಸ ನಂಬರು. ಆ ಹನ್ನೊಂದರ ಸುದ್ದಿಯೇ ಬೇಡ. ಯಾರಿಗೆ ಗೊತ್ತಾಗ್ತದೆ?”

ನಾನು ತಟ್ಟನೆ ಎದ್ದು ‘ಸಾಧ್ಯವಿಲ್ಲ’ ಎಂದೆ ಎಂದು ನನಗೆ ನೆನಪು. ಆ ದೃಶ್ಯದಲ್ಲಿ ನಾನು ಉಟ್ಟಿದ್ದ ಸೀರೆಯ ಬಣ್ಣ ಕೂಡ ಕಾಣುತ್ತದೆ. ದಿನಚರಿ: ‘ರಾಯರ ಸಲಹೆ. ಯೋಚಿಸಿ ಹೇಳುತ್ತೇನೆ ಎಂದೆ.’ ಒಂದು ಇಡೀ ದಿನ ಯೋಚಿಸಿದ್ದೇನೆ. ಯಾವ ಏಳು ಮಕ್ಕಳು ಎಂದು ಹಾಳೆಯ ಅಂಚಿನಲ್ಲಿ ಗುರುತೂ ಹಾಕಿದ್ದೇನೆ. ಹೊಸದಾಗಿ ಈ ಕುರ್ಚಿಗೆ ಬರುವವರಿಗೆ ಇದನ್ನು ಮುಚ್ಚಿಟ್ಟರೆ ಈ ಬರಹದಿಂದ ಪ್ರಯೋಜನವಿಲ್ಲ. ಆ ಒಂದು ದಿನ ಎಲ್ಲರಿಗೂ ಬರುತ್ತದೆ.

ನನ್ನನ್ನು ತಡೆದದ್ದು ಆದರ್ಶವಲ್ಲ, ಶಿವಲೀಲಾಳ ಒಂದು ಪ್ರಶ್ನೆ. “ಹೊಸಾ ಏಳು ಮಂದೀನ ಕುಂದ್ರಸಿದ್ರ, ಈ ಹನ್ನೊಂದು ಮಂದಿ ಮುಂದಿನ ವರ್ಷ ಎಲ್ಲಿ ಕುಂದ್ರಬೇಕ್ರೀ?” ಅನುಮತಿ ಬರುತ್ತಿತ್ತು, ಸಂಗೀತಾಳಂಥವರಿಗೆ ಮಾತ್ರ ಬರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಇಬ್ಬರೂ ರಿಜಿಸ್ಟರ್ ಹಿಡಿದು ತುರ್ಭೆಯ ಓಣಿಗಳಿಗೆ ಹೋದೆವು. ಮೊದಲ ಮನೆಯೇ ಸಂಗೀತಾಳದು. ತಾಯಿ ಚಾಪೆ ಹಾಸಿ, “ಬರ್ರಿ ಅಕ್ಕೋರ, ಕುಂದರ್ರಿ” ಎಂದರು. ಆ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಯಾವ ಪದವಿಯೂ ನನಗೆ ಅಷ್ಟು ಚೆನ್ನಾಗಿ ಒಪ್ಪಿರಲಿಲ್ಲ.

“ನಿಮ್ಮ ಮಗಳು ಸಂಗೀತಾ…” ಎಂದು ಆರಂಭಿಸಿದೆ.

“ಯಾವಾಕಿ ಸಂಗೀತಾ?”

ಶಿವಲೀಲಾ ನಡುವೆ ಬಂದಳು. “ಯವ್ವಾ, ನಿನ್ನ ಮಗಳ ಸಾಲಿ ಹೆಸರ ಅದು.”

“ಅಯ್ಯ, ನಮ್ಮ ಸಾಕವ್ವ ಏನ್ರೀ!” ತಾಯಿ ಬಾಯಿ ತುಂಬ ನಕ್ಕರು. “ಮೂರ ಹೆಣ್ಣ ಆದ ಮ್ಯಾಲ ಹುಟ್ಟ್ಯಾಳ್ರಿ. ಇನ್ನ ಹೆಣ್ಣ ಸಾಕವ್ವ ತಾಯಿ ಅಂತ ದೇವರಿಗೆ ಕೇಳ್ಕೊಂಡು ಸಾಕವ್ವ ಅಂತ ಇಟ್ಟೀವಿ. ಈ ಫೋನಿನ್ಯಾಗ ಸಂಗೀತಾ ಅಂದ್ರ ನಾ ಏನ ಹೇಳ್ಲಿ? ಸಾಲದ ಮಂದಿ ಇರಬೇಕ ಅಂದೆ.”

“ಮಮ್ಮಿ, ಬಸ್ ನಾ!” ಒಳಗಿನಿಂದ ಸಂಗೀತಾ ಕೂಗಿದಳು.

ಮನೆ ಮನೆಯಲ್ಲೂ ಇದೇ. ರಿಜಿಸ್ಟರಿನ ಪ್ರಕಾಶ ಮನೆಯಲ್ಲಿ ತಿಪ್ಪಣ್ಣ. ಅಶ್ವಿನಿ ಕಲ್ಲವ್ವ. ಮುಂಚಿನ ಕೂಸುಗಳು ಉಳಿಯದಿದ್ದರೆ ತಿಪ್ಪೆಯ ಹೆಸರು, ಕಲ್ಲಿನ ಹೆಸರು ಇಡುತ್ತಾರೆ, ಸಾವಿಗೆ ಆಸೆ ಹುಟ್ಟದಿರಲಿ ಎಂದು. ಇತಿಹಾಸದ ಎಂ.ಎ. ಮಾಡಿದ ನನಗೆ ಇದು ಗೊತ್ತಿರಬೇಕಿತ್ತು. ತಾಯಂದಿರಿಗೆ ಸಾಲಿ ಹೆಸರು ಬಾಯಿಪಾಠ ಮಾಡಿಸೋಣ ಎಂದು ನಾನು ಹೇಳಿದೆ. ಶಿವಲೀಲಾ ಬೇಡವೆಂದಳು: “ಕಲಿಸಿದ ಮಾತು ಕಲಿಸಿದಂಗ ಕೇಳಸ್ತೈತ್ರೀ. ರಿಜಿಸ್ಟರ್‌ನ್ಯಾಗ ಇನ್ನೊಂದು ಕಾಲಂ ಹಾಕೂಣು. ಮನೀ ಹೆಸರ ಬರೀಲಿ. ಸಮಿತಿಯವರು ಅದನ್ನ ಕೇಳ್ಲಿ.” ಮುಂದೆ ಹಲವು ಸಭೆಗಳಲ್ಲಿ ‘ನನ್ನ’ ಸುಧಾರಣೆ ಎಂದು ಹೊಗಳಿಸಿಕೊಂಡ ಮನೆ ಹೆಸರಿನ ಕಾಲಂ ಹುಟ್ಟಿದ್ದು ಹೀಗೆ, ತುರ್ಭೆಯ ಒಂದು ಚಾಪೆಯ ಮೇಲೆ, ನನ್ನದಲ್ಲದ ತಲೆಯಲ್ಲಿ.

ಹತ್ತು ಮಂದಿ ಒಪ್ಪಿದರು. ಸಂಗೀತಾ ಒಪ್ಪಲಿಲ್ಲ. “ಪೂರಾ ಕ್ಲಾಸ್ ಪಢೇಗಾ, ಮೇಡಂ. ಸಾಕವ್ವ ಯಾನೇ ಕ್ಯಾ, ಸಬ್ ಪೂಛೇಂಗೇ.” ಇಡೀ ತರಗತಿ ಓದುತ್ತದೆ, ಸಾಕವ್ವ ಎಂದರೇನು ಎಂದು ಎಲ್ಲರೂ ಕೇಳುತ್ತಾರೆ, ಎಂದು. ಒತ್ತಾಯಿಸಬಾರದೆಂದು ಅವಳ ಜಾಗ ಖಾಲಿ ಬಿಟ್ಟೆವು. ಜೊತೆಗೆ, ಹನ್ನೊಂದು ಹೆಸರು ತೆಗೆದದ್ದು ನನ್ನ ತಪ್ಪು, ಮಕ್ಕಳದ್ದಲ್ಲ, ಮನೆ ಹೆಸರಿನಿಂದ ವಿಚಾರಿಸಿ ಎಂದು ವಿಶ್ವವಿದ್ಯಾಲಯಕ್ಕೆ ಮರಾಠಿಯಲ್ಲಿ ಪತ್ರ ಬರೆದೆ. ರಾಯರು ಅದನ್ನು ಓದಿ, “ಇದು ಪತ್ರವಲ್ಲ ಮೇಡಮೇ, ಕುತ್ತಿಗೆಗೆ ಹಗ್ಗ” ಎಂದರು. ಆದರೂ ನನ್ನ ಸಹಿಯ ಪಕ್ಕ ತಮ್ಮ ಸಹಿಯನ್ನೂ ಹಾಕಿದರು. ನಾನು ಕೇಳಿರಲಿಲ್ಲ.

ಸಮಿತಿಯ ಮುಖ್ಯಸ್ಥರು ಸಾತಾರಾ ಕಡೆಯ ಒಬ್ಬ ಹಿರಿಯ ಪ್ರಾಧ್ಯಾಪಕರು. ಚಹಾ ಮುಟ್ಟಲಿಲ್ಲ. ನೇರ ಎರಡನೇ ವರ್ಷದ ತರಗತಿಗೆ ನಡೆದು, ನನ್ನ ಎರಡೂ ಪತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. “ಇದರಲ್ಲಿ ಇವರು ಇಲ್ಲ. ಇದರಲ್ಲಿ ಇದ್ದಾರೆ. ನೀವು ಮಾತಾಡಬೇಡಿ” ಎಂದು ನನಗೆ ಮರಾಠಿಯಲ್ಲಿ ಹೇಳಿ, ಫೋನಿನ ಸ್ಪೀಕರ್ ಒತ್ತಿ, ಹನ್ನೊಂದರಲ್ಲಿ ಮೊದಲಿನ ಹೆಸರಿಗೇ ಕರೆ ಮಾಡಿದರು.

“ಸಂಗೀತಾ ಹೈ ಘರ್ ಮೇಂ?”

“ಕೌನ್?” ಅದೇ ದನಿ.

“ಸಂಗೀತಾ.”

“ಕೌನ್ ಸಂಗೀತಾ?” ನಾವು ಆಕೆಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ, ಹೆದರಿದರೆ ಆಕೆಗೆ ಭಾನುವಾರದ ಮಾತೂ ಮರೆಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಶಿವಲೀಲಾ ತೆರೆದಿಟ್ಟಿದ್ದ ರಿಜಿಸ್ಟರಿನಲ್ಲಿ ಪ್ರಾಧ್ಯಾಪಕರು ಹೊಸ ಕಾಲಂ ನೋಡಿದರು. ಅಲ್ಲಿ ಖಾಲಿ. ನನ್ನ ಕಡೆ ನೋಡಿದರು. ಮಾತಾಡಬಾರದು. ಏಳು ಕಡಿಮೆ ಎಂಬ ಸಂಖ್ಯೆ ನನ್ನ ಕಿವಿಯಲ್ಲಿ ಬಡಿಯುತ್ತಿತ್ತು.

ಮೂರನೇ ಬೆಂಚಿನಿಂದ ಸಂಗೀತಾ ಎದ್ದಳು. ನೇರ ಮೇಜಿಗೆ ಬಂದು ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ಬರೆದಳು. ದೇವನಾಗರಿಯಲ್ಲಿ, ದೊಡ್ಡದಾಗಿ. ಪ್ರಾಧ್ಯಾಪಕರು ಓದಿದರು:

“ಸಾಕವ್ವಾ?”

“ಹಾಂ, ಸಾಕವ್ವ!” ಫೋನು ಜೀವ ಬಂದಂತೆ ಕೂಗಿತು. ಆಮೇಲೆ ಪೂರ್ತಿ ಕನ್ನಡ. “ಸಾಕವ್ವ ಕಾಲೇಜಿಗಿ ಹೋಗ್ಯಾಳ್ರೀ. ಯಾಕ್ರೀ, ಏನಾತು? ಆಕಿಗಿ ಏನರ ಆತೇನು? ನಾ ಬರ್ಲೇನು?”

“ಕುಛ್ ನಹೀಂ, ಮಮ್ಮಿ. ರಖ್” ಎಂದಳು ಸಂಗೀತಾ. ತರಗತಿಯಲ್ಲಿ ಯಾರೋ ಕಿಸಕ್ಕೆಂದರು.

ಪ್ರಾಧ್ಯಾಪಕರು ಕನ್ನಡಕ ತೆಗೆದರು. “ಮ್ಹಣಜೇ ಕಾಯ್?” ಹಾಗೆಂದರೇನು?

ಅವಳು ಮರಾಠಿಯಲ್ಲೇ ಉತ್ತರಿಸಿದಳು. “ಪುರೇ, ಸರ್. ಮುಲೀ ಪುರೇ ಝಾಲ್ಯಾ.” ಸಾಕು, ಹೆಣ್ಣುಮಕ್ಕಳು ಸಾಕಾದರು.

ಅವರು ಆ ಅಕ್ಷರಗಳ ಮೇಲೆ ಬೆರಳಿಟ್ಟರು. “ಆಮಚ್ಯಾಕಡೇ ನಕೋಶಿ ಮ್ಹಣತಾತ್” ಎಂದರು. ನಮ್ಮ ಕಡೆ ನಕೋಶಿ ಅನ್ನುತ್ತಾರೆ, ಬೇಡವಾದವಳು. “ನನ್ನ ಅಕ್ಕನ ಹೆಸರು ಅದೇ ಇತ್ತು. ಅವಳನ್ನು ಶಾಲೆಗೆ ಕಳಿಸಲಿಲ್ಲ.” ಅಕ್ಕ ಎಂದರೋ ಅತ್ತೆ ಎಂದರೋ ಎಂಬ ಬಗ್ಗೆ ಶಿವಲೀಲಾಗೂ ನನಗೂ ಇಂದಿಗೂ ಒಮ್ಮತವಿಲ್ಲ. ದಿನಚರಿಯಲ್ಲಿ ಆ ದಿನ ಒಂದೇ ಪದವಿದೆ: ‘ನಕೋಶಿ’.

ಉಳಿದ ಹತ್ತೂ ಕರೆಗಳನ್ನು ಅವರು ಬಿಡದೆ ಮಾಡಿದರು. ತಿಪ್ಪಣ್ಣನ ತಂದೆ ಮೂಟೆಯ ಕೆಳಗಿನಿಂದಲೇ ಮಾತಾಡಿದ. ಕಲ್ಲವ್ವನ ಅಜ್ಜಿ ಫೋನು ಇಡಲೇ ಇಲ್ಲ. ಪ್ರಾಧ್ಯಾಪಕರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದಳು. ಹನ್ನೊಂದೂ ಸರಿಹೋಯಿತು. ಕೊನೆಗೆ ನನ್ನ ಎರಡನೇ ಪತ್ರವನ್ನು ಫೈಲಿಗೆ ಸೇರಿಸುತ್ತ, “ಈ ಮರಾಠಿ ನಿಮ್ಮದೇನಾ?” ಎಂದರು. ಹೌದೆಂದೆ. “ತಪ್ಪು ಒಪ್ಪಿಕೊಂಡ ರೀತಿ ಸರಿಯಾಗಿದೆ. ವ್ಯಾಕರಣ ಸರಿಯಾಗಿಲ್ಲ” ಎಂದು ಹೇಳಿ, ತಣ್ಣಗಾದ ಚಹಾವನ್ನು ನಿಂತೇ ಕುಡಿದರು.

ಅನುಮತಿ ಪತ್ರ ಪರೀಕ್ಷೆಗಳ ನಡುವೆ ಬಂತು. ಮೂರನೇ ವರ್ಷ, ಯಾವ ಷರತ್ತೂ ಇಲ್ಲದೆ. ನಾನು ಓದಿ ಮುಗಿಸುವ ಮೊದಲೇ ಶಿವಲೀಲಾ ಜೀವನದಲ್ಲಿ ಮೊದಲ ಸಲ ರಿಜಿಸ್ಟರ್ ಬಿಟ್ಟು ನನ್ನ ಮುಖ ನೋಡಿದಳು. ರಾಯರು ಕಳಿಸಿದ ಇಡ್ಲಿ ಇಡೀ ಕಾಲೇಜಿಗೆ ಸಾಕಾಗಿ, ಪಕ್ಕದ ಗೋದಾಮಿನ ಹಮಾಲರಿಗೂ ಮುಟ್ಟಿತು. ಅಮೆರಿಕದ ಆ ಅಧ್ಯಕ್ಷರು ಇಂಥ ದಿನ ಏನು ಮಾಡುತ್ತಿದ್ದರೋ ತಿಳಿಯದು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಚೆನ್ನಾಗಿ ನಕ್ಕೆ.

ಹೊಸಬರಿಗೆ ಒಂದು ಮಾತು. ಈಗ ಪ್ರವೇಶ ಅರ್ಜಿ ಕಂಪ್ಯೂಟರಿನಲ್ಲಿ, ಹಾಜರಿ ಬೆರಳಚ್ಚಿನಲ್ಲಿ. ಇದರಿಂದ ಅನುಕೂಲವೇ ಹೆಚ್ಚು, ನಾನು ಹಳೆಯದನ್ನು ಹಾಡಿ ಹೊಗಳುವವಳಲ್ಲ. ಆದರೆ ಆ ಪರದೆಯಲ್ಲಿ ಹೆಸರಿಗೆ ಮೂರೇ ಮನೆಗಳು: ಉಪನಾಮ, ಹೆಸರು, ತಂದೆಯ ಹೆಸರು. ನಾಲ್ಕನೆಯದನ್ನು ಬಾಯಲ್ಲಿ ಕೇಳಬೇಕು. ಕೇಳುವಾಗ ಪುಸ್ತಕದ ಕನ್ನಡ ಬೇಡ. ಕೇಳಿದ್ದನ್ನು ಎಲ್ಲರೆದುರು ಓದಲೂ ಬೇಡ.

ಆ ಜೂನಿನಲ್ಲಿ ಮೂರನೇ ವರ್ಷದ ಪ್ರವೇಶ ಶುರುವಾದ ದಿನ ನಾನು ಕಾಲೇಜಿನಲ್ಲಿ ಇರಲಿಲ್ಲ. ಇದ್ದೆ ಎಂದು ಬಹಳ ವರ್ಷ ನಂಬಿದ್ದೆ, ಅಷ್ಟು ಸ್ಪಷ್ಟವಾಗಿ ಆ ಕಿಟಕಿ ನನಗೆ ಕಾಣುತ್ತದೆ. ದಿನಚರಿಯ ಪ್ರಕಾರ ನಾನು ಠಾಣೆಯಲ್ಲಿ ಟ್ರಸ್ಟಿಗಳ ಸಭೆಯಲ್ಲಿದ್ದೆ. ಆದ್ದರಿಂದ ಇದು ಶಿವಲೀಲಾ ಹೇಳಿದ್ದು, ಅವಳು ಹೇಳಿದಂತೆಯೇ.

ಕಿಟಕಿ ತೆರೆಯುವ ಮೊದಲೇ ಸಾಲಿನಲ್ಲಿ ಒಬ್ಬ ಹೆಂಗಸು ಮೊದಲಿಗೆ ನಿಂತಿದ್ದರಂತೆ, ಮಗಳಿಲ್ಲದೆ. ಮಗಳು ಟ್ಯೂಷನ್ ಹೇಳಲು ಹೋಗಿದ್ದಳು. ಸರದಿ ಬಂದಾಗ ಆಕೆ ಸೆರಗು ಸರಿಮಾಡಿಕೊಂಡು, ದಾರಿಯುದ್ದಕ್ಕೂ ಹೇಳಿಕೊಂಡು ಬಂದಿರಬೇಕು, ಒಂದೇ ಉಸಿರಿಗೆ ಅಂದರಂತೆ: “ನನ್ನ ಮಗಳು ಸಂಗೀತಾ. ಮೂರನೇ ವರ್ಷಕ್ಕ ಹೆಸರ ಹಚ್ಚರಿ.”

ಶಿವಲೀಲಾ ಬರೆದುಕೊಂಡು, ಎಲ್ಲರನ್ನೂ ಕೇಳುವಂತೆ ಕೇಳಿದಳು: “ಮನ್ಯಾಗ ಏನಂತ ಕರೀತೀರಿ?”

“ಈಗ ಅದನ್ನ ಕರೀತೀವ್ರೀ,” ಎಂದರು ತಾಯಿ.

ಶಿವಲೀಲಾ ಎರಡೂ ಕಾಲಂಗಳಲ್ಲಿ ಒಂದೇ ಹೆಸರು ಬರೆದಳು.